ಮೇಷ್ಟ್ರ ಕಾರಿನ ಎರಡು ಮಗ್ಗುಲು

ಗುಜರಿಯವನು ಮೇಷ್ಟ್ರ ಕಾರನ್ನು ಕೇಳಿಕೊಂಡು ಬಂದದ್ದು ಅದು ಮೂರನೆಯ ಸಲ. ಮೊದಲೆರಡು ಸಲ ಗೇಟಿನ ಹೊರಗೆ ನಿಂತು ವಿನಯದಿಂದ ಕೇಳಿದ್ದವನು ಈ ಸಲ ಒಳಕ್ಕೇ ಬಂದ. ಬಾನೆಟ್ಟಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ. ಬೆರಳಿಗೆ ಅಂಟಿದ ಗುಲಾಬಿ ಪುಡಿಯನ್ನು ಉಫ್ ಎಂದು ಊದಿ, "ಸಾರ್, ಇದು ಕಾರಲ್ಲ, ಸೀಮೆಸುಣ್ಣ" ಎಂದುಬಿಟ್ಟ.

ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತರಾದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಕೊಂಡ ದಿನ ಆ ಕಾರು ದಾಳಿಂಬೆ ಕಾಳಿನಷ್ಟು ಕೆಂಪಾಗಿತ್ತು. ಮಗಳು ಗೇರು ಹಾಕುವುದನ್ನು ಕಲಿತದ್ದು ಅದರಲ್ಲಿ. ಮೇಷ್ಟ್ರು ನಿವೃತ್ತಿಯ ದಿನ ಕೊರಳ ತುಂಬ ಹಾರ ಹಾಕಿಸಿಕೊಂಡು ಮನೆಗೆ ಬಂದದ್ದೂ ಅದರಲ್ಲೇ. ಇಪ್ಪತ್ತೆರಡು ವರ್ಷದ ಬಿಸಿಲು ಕುಡಿದು ಬಣ್ಣ ಸೊರಗಿತ್ತು, ನಿಜ. ಬಣ್ಣ ಸೊರಗಿದವರನ್ನೆಲ್ಲ ಗುಜರಿಗೆ ಹಾಕುವುದಾದರೆ ಮೇಷ್ಟ್ರ ಗತಿಯೇನು?

ಗುಜರಿಯವನು ಹೋದ ಮೇಲೆ ಮೇಷ್ಟ್ರು ಹೆಂಡತಿಯಿಂದ ಎರಡು ಸಾಂತ್ವನದ ಮಾತು ಬಯಸಿದರು. ಅವರ ಹೆಂಡತಿಯನ್ನು ಬೀದಿಯವರೆಲ್ಲ 'ಯಜಮಾನಿ' ಎಂದೇ ಕರೆಯುತ್ತಿದ್ದರು. ಆಕೆ ಪೊರಕೆ ಹಿಡಿದು ಹೊರಗೆ ಬಂದರೆ ಧೂಳು ತಾನಾಗಿಯೇ ಎದ್ದು ನಿಲ್ಲುತ್ತಿತ್ತು.

"ಅವನು ಹೇಳಿದ್ರಲ್ಲಿ ತಪ್ಪೇನಿದೆ?" ಎಂದರು ಯಜಮಾನಿ. "ಭಾನುವಾರ ಅಕ್ಕನ ಮಗನ ಮದುವೆ. ನಾನಂತೂ ಈ ಸೀಮೆಸುಣ್ಣದ ಡಬ್ಬೀಲಿ ಕೂತು ಬರಲ್ಲ. ಭಾವ ತಮ್ಮ ಕಾರು ಕಳಿಸ್ತೀನಿ ಅಂದಿದಾರೆ."

ಭಾವ ಎಂದರೆ ಯಜಮಾನಿಯ ಅಕ್ಕನ ಗಂಡ, ಮೇಷ್ಟ್ರಿಗೆ ಷಡ್ಡಕ. ಪಿತೃವಾತ್ಸಲ್ಯ, ಭ್ರಾತೃವಾತ್ಸಲ್ಯ ಎಂಬ ಪದಗಳು ನಿಘಂಟಿನಲ್ಲಿವೆ. ಷಡ್ಡಕವಾತ್ಸಲ್ಯ ಎಂಬ ಪದವನ್ನು ಯಾವ ಪಂಡಿತನೂ ಸೇರಿಸಿಲ್ಲ. (ಅವರಿಗೂ ಷಡ್ಡಕರಿದ್ದರು.) ಮೇಷ್ಟ್ರ ಷಡ್ಡಕನೋ, ಎರಡು ವರ್ಷಕ್ಕೊಂದು ಕಾರು ಬದಲಾಯಿಸುವ ಆಸಾಮಿ.

"ಅವನ ಕಾರಲ್ಲಿ ನಾನು ಬರೋದಾ? ಆಗಲ್ಲ! ಈ ಕಾರನ್ನೇ ಥಳಥಳ ಹೊಳೆಯೋ ಹಾಗೆ ಮಾಡ್ತೀನಿ, ನೋಡ್ತಿರು!"

"ಮಾಡಿ, ಬೇಡ ಅಂದವರ್ಯಾರು? ಶನಿವಾರದೊಳಗೆ 'ಹೌದು, ಹೊಳೀತಿದೆ' ಅನ್ನೋ ಮಾತು ನನ್ನ ಬಾಯಲ್ಲಿ ಬಂದ್ರೆ ಕಾರು ಇಲ್ಲೇ ಇರ್ಲಿ. ಬರದಿದ್ರೆ ಸೋಮವಾರ ಗುಜರಿಯವನಿಗೆ. ಒಪ್ಪಿಗೇನಾ?"

"ನೂರು ಸಲ ಒಪ್ಪಿಗೆ!" ಎಂದು ಗುಡುಗಿದ ಮೇಷ್ಟ್ರು ತಮ್ಮ ನಿತ್ಯದ ಜಾಗದಲ್ಲಿ, ಅಂದರೆ ಮುಂಬಾಗಿಲ ಪಕ್ಕದ ಕಿಟಕಿಯ ಬಳಿಯ ಬೆತ್ತದ ಕುರ್ಚಿಯಲ್ಲಿ ಕುಳಿತು ಕಾರನ್ನೇ ನೋಡಿದರು. ಕಿಟಕಿಯಿಂದ ನೋಡಿದರೆ ಕಾರು ಇನ್ನೂ ಮಂಕಾಗಿ ಕಂಡಿತು. "ಕನ್ನಡಕದ ನಂಬರು ಬದಲಾಯಿಸ್ಬೇಕು ಕಣೇ. ಒಂದು ತಿಂಗಳಿಂದ ಎಲ್ಲಾ ಮಬ್ಬುಮಬ್ಬಾಗಿ ಕಾಣುತ್ತೆ."

"ಬದಲಾಯಿಸಿ" ಎಂದು ಯಜಮಾನಿ ತುಟಿಯಂಚಿನಲ್ಲಿ ನಕ್ಕು ಒಳಗೆ ಹೋದರು. (ಆ ನಗುವನ್ನು ಓದುಗರು ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕು. ಮೇಷ್ಟ್ರು ಇಟ್ಟುಕೊಳ್ಳಲಿಲ್ಲ.)

ಮಂಗಳವಾರ ಬೆಳಿಗ್ಗೆ ಮಹಾಮಜ್ಜನ ಆರಂಭವಾಯಿತು. ಮೇಷ್ಟ್ರು ಯಾವ ಕೆಲಸವನ್ನೂ ಓದದೆ ಮಾಡಿದವರಲ್ಲ. ಬಕೆಟ್ಟು ಎರಡು ಬೇಕು: ಒಂದರಲ್ಲಿ ನೊರೆ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ ಮರಳು ಕಳೆದು, ಆಮೇಲೆ ನೊರೆಗೆ ಅದ್ದಬೇಕು. ಇಲ್ಲವಾದರೆ ಅದೇ ಮರಳು ಬಣ್ಣವನ್ನು ಗೀರುತ್ತದೆ. ಬಟ್ಟೆ ಸೋಪು ಕೂಡದು. ಹಾಗಾದರೆ ನೊರೆಗೇನು ಮಾಡುವುದು? ಬಚ್ಚಲುಮನೆಯ ಗೂಡಿನಲ್ಲಿ, ಮಗಳು ಅಮ್ಮನಿಗೆಂದು ತಂದುಕೊಟ್ಟ ಸುಗಂಧದ ಶಾಂಪೂ ಇತ್ತು. ಕಾರಿಗೆ ನೆತ್ತಿಯಿಂದ ಪಾದದವರೆಗೆ ಅದರಲ್ಲೇ ಸ್ನಾನವಾಯಿತು. ಆ ಹೊತ್ತಿಗೆ ಕೈಯಲ್ಲಿ ಪಾತ್ರೆ ಉಜ್ಜುವ ತಂತಿಯ ಬ್ರಷ್ಷು ಹಿಡಿದ ಯಜಮಾನಿ ಹೊರಗೆ ಬಂದರು.

"ಹಕ್ಕಿ ಹಿಕ್ಕೆ ಅಂಟಿಕೊಂಡಿದೆ ನೋಡಿ, ಇದರಲ್ಲಿ ಎರಡು ಸಲ ಎಳೆದುಬಿಡ್ತೀನಿ..."

"ಅಯ್ಯಯ್ಯೋ! ಮುಟ್ಟಬೇಡ! ಕೊಲೆ! ಕೊಲೆ!"

ಎದುರುಮನೆಯ ಟೈಲರು ಹೊಲಿಗೆಯಂತ್ರ ಬಿಟ್ಟು, ಕುತ್ತಿಗೆಯಲ್ಲಿ ಅಳತೆಪಟ್ಟಿ ಜೋತಾಡಿಸಿಕೊಂಡೇ ಓಡಿಬಂದ. ಕೊಲೆಯಾಗಿಲ್ಲವೆಂದು ಅವನಿಗೆ ಮನವರಿಕೆ ಮಾಡುವಷ್ಟರಲ್ಲಿ ಗಾಳಿಯಲ್ಲಿ ತೇಲಿಬಂದ ಪರಿಮಳ ಯಜಮಾನಿಯ ಮೂಗಿಗೆ ತಲುಪಿತು.

"ರೀ... ಇದು ನನ್ನ ಶಾಂಪೂ ಅಲ್ವಾ?"

"ಕೂದಲಿಗಾದ್ರೆ ಯಾವ ಸೋಪಾದ್ರೂ ನಡೆಯುತ್ತೆ ಕಣೇ. ಇದು ಪೇಂಟು!"

ಆ ದಿನ ಮಧ್ಯಾಹ್ನದ ಊಟದಲ್ಲಿ ಉಪ್ಪು ಇರಲಿಲ್ಲ. ಉತ್ಸಾಹದಲ್ಲಿ ಮೇಷ್ಟ್ರಿಗೆ ಅದೂ ತಿಳಿಯಲಿಲ್ಲ.

ಬುಧವಾರ ಪಾಲಿಷ್. ಬಿಸಿಲಿನಲ್ಲಿ ಪಾಲಿಷ್ ಹಚ್ಚಿದರೆ ಒಣಗಿ ಕಲೆಯಾಗುತ್ತದೆಯಾದ್ದರಿಂದ, ಗೋಡೆಯ ನೆರಳು ಬೀಳುವ ಮಗ್ಗುಲನ್ನೇ ಮೊದಲು ಆರಿಸಿಕೊಂಡರು. ಅದು ಯಜಮಾನಿ ಕುಳಿತುಕೊಳ್ಳುವ ಮಗ್ಗುಲು. ಆರಂಭಿಸುವ ಮುಂಚೆ ಮೇಷ್ಟ್ರ ತಲೆಯಲ್ಲಿ ಮಿಂಚು ಹೊಳೆಯಿತು. ಇಡೀ ಕಾರನ್ನು ಉಜ್ಜಿಬಿಟ್ಟರೆ ಮೊದಲು ಹೇಗಿತ್ತೆಂಬುದಕ್ಕೆ ಪುರಾವೆ ಎಲ್ಲಿ? "ಮೊದಲೂ ಹೀಗೇ ಇತ್ತು" ಎಂದು ಈಕೆ ಸಾಧಿಸಿದರೆ? ಮೂವತ್ತನಾಲ್ಕು ವರ್ಷ ಅವರು ಮಕ್ಕಳಿಗೆ ಹೇಳಿದ್ದೇನು? ಎರಡು ಗಾಜಿನ ನಳಿಗೆ ತೆಗೆದುಕೊಳ್ಳಿ. ಒಂದು ಪ್ರಯೋಗಕ್ಕೆ, ಇನ್ನೊಂದು ಹೋಲಿಕೆಗೆ. ಫಲಿತಾಂಶ ಬರೆದುಕೊಳ್ಳುವವರೆಗೆ ಎರಡನೆಯದನ್ನು ಮುಟ್ಟಿದಿರೋ, ಬೆರಳಿಗೆ ಅಡಿಕೋಲಿನ ಏಟು! ಅಂಟುಪಟ್ಟಿ ತಂದರು. ಬಾನೆಟ್ಟಿನ ಮೂತಿಯಿಂದ ಡಿಕ್ಕಿಯ ತುದಿಯವರೆಗೆ ಕಾರಿನ ನಟ್ಟನಡುವೆ, ಬೈತಲೆ ತೆಗೆದಂತೆ, ನೇರವಾಗಿ ಅಂಟಿಸಿದರು.

ಆಮೇಲೆ ಉಜ್ಜಿದರು ನೋಡಿ! ಮೆತ್ತನೆಯ ಬಟ್ಟೆಯಲ್ಲಿ ಒಂದು ಚೂರು ಪಾಲಿಷು. ಅಂಗೈ ಅಗಲದ ಜಾಗ. ಸಣ್ಣ ಸಣ್ಣ ಸುತ್ತು. ಬಟ್ಟೆಗೆ ಕೆಂಪು ಇಳಿಯತೊಡಗಿತು.

"ಬಣ್ಣಾನೇ ಕಿತ್ತು ಬರ್ತಿದೆಯಲ್ರೀ!" ಎಂದು ಒಳಗಿನಿಂದ ಕೂಗು.

"ಸತ್ತ ಬಣ್ಣ ಕಣೇ! ಅದು ಹೋದ್ರೇನೇ ಜೀವ ಇರೋ ಬಣ್ಣ ಮೇಲೆ ಬರೋದು!"

ಬಂತು! ಮೊದಲು ಬಾಗಿಲ ಹಿಡಿಯ ಸುತ್ತ, ಆಮೇಲೆ ಮಡ್‌ಗಾರ್ಡಿನ ಉಬ್ಬಿನ ಮೇಲೆ, ಇಪ್ಪತ್ತೆರಡು ವರ್ಷದ ಹಿಂದಿನ ಆ ದಾಳಿಂಬೆ ಕೆಂಪು ಕಣ್ಣು ಬಿಟ್ಟಿತು. ಅದರಲ್ಲಿ ಆಕಾಶ ಕಂಡಿತು, ಗೋಡೆ ಕಂಡಿತು, ಕೊನೆಗೆ ಮೂಗಿನ ಮೇಲೆ ಪಾಲಿಷ್ ಮೆತ್ತಿಕೊಂಡ ಸ್ವತಃ ಮೇಷ್ಟ್ರೇ ಕಂಡರು. ಹೆಗಲು ಕಳಚಿಬೀಳುವಂತಿದ್ದರೂ ಅವರು ನಿಲ್ಲಿಸಲಿಲ್ಲ. ಗುರುವಾರ ಮೇಣ ಹಚ್ಚಿ, ಆರಿದ ಮೇಲೆ ಒರೆಸಿ, ಮೇಲೆ ನೀರು ಚಿಮುಕಿಸಿದರು. ಹನಿಗಳು ಮುತ್ತಿನಂತೆ ಗುಂಡಗಾಗಿ ಉರುಳಿದವು. ಮೇಷ್ಟ್ರು ಚಪ್ಪಾಳೆ ತಟ್ಟಿ ಕುಣಿದರು. (ಕೆಂಪು ಹತ್ತಿದ ಬಟ್ಟೆಗಳನ್ನು ಅವರು ಒಗೆಯುವ ಬುಟ್ಟಿಗೆ ಹಾಕಿದ್ದರಿಂದ ಅಷ್ಟರಲ್ಲಿ ಒಳಗೆ ಆರು ಬಿಳಿಯ ಬನಿಯನ್ನೂ ಎರಡು ಹಾಸಿಗೆಯ ಹೊದಿಕೆಯೂ ಗುಲಾಬಿಯಾಗಿದ್ದವು. ಆ ಹೊದಿಕೆಗಳಿಗೆ ಕಾರನ್ನು ಧೂಳಿನಿಂದ ಕಾಪಾಡುವ ಹೊಸ ಉದ್ಯೋಗ ಸಿಕ್ಕಿತು.)

"ಬಾರೇ, ಬೇಗ ಬಾ! ಅಂಟುಪಟ್ಟಿ ತೆಗೀತಿದೀನಿ!"

ಯಜಮಾನಿ ಕೈ ಒರೆಸಿಕೊಳ್ಳುತ್ತ ಬಂದರು. ಮೇಷ್ಟ್ರು ಸರ್ರನೆ ಅಂಟುಪಟ್ಟಿ ಎಳೆದರು. ಈ ಕಡೆ ದಾಳಿಂಬೆ, ಆ ಕಡೆ ಸೀಮೆಸುಣ್ಣ. ಕುರುಡನಿಗೂ ಕಾಣುವಂಥ ವ್ಯತ್ಯಾಸ. ಯಜಮಾನಿ ಈ ಕಡೆ ನೋಡಿದರು, ಆ ಕಡೆ ನೋಡಿದರು, ತಲೆ ಓರೆ ಮಾಡಿಯೂ ನೋಡಿದರು.

"ಎರಡೂ ಒಂದೇ ಥರ ಇದೆ ಅಲ್ವಾ?"

ಮೇಷ್ಟ್ರು ಬಾನೆಟ್ಟಿನ ನಡುಗೆರೆಯ ಮೇಲೆ ಬೆರಳು ಕುಟ್ಟಿದರು. "ಒಂದೇ ಥರಾನಾ? ಸರಿಯಾಗಿ ನೋಡು!"

"ನೋಡಿದೆನಲ್ಲ. ನನಗೇನೂ ವ್ಯತ್ಯಾಸ ಕಾಣಿಸ್ತಿಲ್ಲಪ್ಪ" ಎಂದು ಆಕೆ ಒಳಗೆ ನಡೆದರು.

ಬೇರೆ ಯಾರಾದರೂ ಆಗಿದ್ದರೆ, ಹಾಳಾಗಲಿ ಎಂದು ಉಳಿದರ್ಧವನ್ನೂ ಉಜ್ಜಿ ಮುಗಿಸುತ್ತಿದ್ದರು. ಮೇಷ್ಟ್ರು ಹಾಗೆ ಮಾಡುವುದುಂಟೆ? ಫಲಿತಾಂಶ ದಾಖಲಾಗದೆ ಎರಡನೆಯ ನಳಿಗೆಯನ್ನು ಮುಟ್ಟಬಾರದು! ಶುಕ್ರವಾರ ಟೈಲರನನ್ನು ಸಾಕ್ಷಿಗೆ ಕರೆದರು. ಅವನು ಎರಡು ದಾರದ ಉಂಡೆ ತಂದು ಹಿಡಿದು, "ಅಮ್ಮಾ, ಈ ಕಡೆಗೆ ಮದುವೆ ಬಟ್ಟೆಯ ಕೆಂಪು ದಾರ, ಆ ಕಡೆಗೆ ಮಗುವಿನ ಕುಲಾವಿಯ ಗುಲಾಬಿ ದಾರ" ಎಂದು ತೀರ್ಪು ಕೊಟ್ಟ.

"ನೀನು ಹೊಲಿದ ನನ್ನ ರವಿಕೆಯ ಎರಡು ತೋಳೂ ಒಂದೇ ಅಳತೆ ಅಂತ ಹೇಳಿದವನಲ್ವಾ? ಸುಮ್ನೆ ಹೋಗಪ್ಪ" ಎಂದರು ಯಜಮಾನಿ. ಸಾಕ್ಷಿ ಮುರಿದುಬಿತ್ತು.

ಶನಿವಾರ ಸಂಜೆ ಮೇಷ್ಟ್ರು ಅಂಗಲಾಚಿದರು. "ಒಂದೇ ಒಂದು ಸಲ ಹೌದು ಅನ್ನೇ. ರಾತ್ರಿಯೆಲ್ಲ ಕೂತು ಆ ಕಡೇನೂ ಮುಗಿಸ್ತೀನಿ."

"ಕಾಣದೇ ಇರೋದನ್ನ ಕಾಣುತ್ತೆ ಅನ್ನೋಕೆ ನಾನೇನು ಸುಳ್ಳಿಯಾ?"

ಭಾನುವಾರ ಷಡ್ಡಕನ ಕಾರು ಬರಲಿಲ್ಲ. ಅದನ್ನು ಮದುಮಗನಿಗೆಂದು ಇಟ್ಟುಕೊಂಡರಂತೆ. ಹಾಗಾಗಿ ಗಂಡಹೆಂಡಿರಿಬ್ಬರೂ ಅರ್ಧ ದಾಳಿಂಬೆ ಅರ್ಧ ಸೀಮೆಸುಣ್ಣದಲ್ಲೇ ಹೊರಟರು. ನಾಳೆ ಗುಜರಿಯವನು ಬರುತ್ತಾನೆ. ಕಾರಿನ ಕಡೆಯ ಪ್ರಯಾಣ ಇದೇ ಎಂದು ಮೇಷ್ಟ್ರು ದಾರಿಯುದ್ದಕ್ಕೂ ಸ್ಟೇರಿಂಗನ್ನು ಸವರುತ್ತಿದ್ದರು.

ಮದುವೆಯ ಛತ್ರದ ಬಾಗಿಲಲ್ಲಿ, ಒಂದು ಕಡೆ ಅಕ್ಕ ನೆಂಟರ ಹೆಂಗಸರೊಡನೆ ನಿಂತಿದ್ದರು. ಇನ್ನೊಂದು ಕಡೆ ಷಡ್ಡಕ, ಗಂಡಸರ ಗುಂಪಿನೊಡನೆ. ಕಾರು ನಡುವೆ ಬಂದು ನಿಂತಿತು.

"ಅಯ್ಯೋ, ಹೊಸ ಕಾರು ತಗೊಂಡ್ರಾ? ಒಂದು ಮಾತೂ ಹೇಳಲಿಲ್ವಲ್ಲೇ!" ಎಂದು ಅಕ್ಕ ಈ ಕಡೆಯಿಂದ.

"ಏನಯ್ಯ ಮೇಷ್ಟ್ರೇ, ಇನ್ನೂ ಇದನ್ನೇ ಎಳೀತಿದೀಯಾ?" ಎಂದು ಷಡ್ಡಕ ಆ ಕಡೆಯಿಂದ.

"ರೀ, ನಿಮಗೆ ಕಣ್ಣಿಲ್ವಾ? ಹೊಚ್ಚಹೊಸ ಕಾರನ್ನ ಎಳೆಯೋದು ಅಂತೀರಲ್ಲ!"

"ನಿನಗೆ ತಲೆ ಕೆಟ್ಟಿದೆ! ಬಂದು ನೋಡು ಇಲ್ಲಿ!"

ಅಕ್ಕ ಆ ಕಡೆಗೂ ಷಡ್ಡಕ ಈ ಕಡೆಗೂ ಸುತ್ತಿಬಂದರು. ಇಬ್ಬರ ಬಾಯಿಯೂ ತೆರೆದುಕೊಂಡಿತು. ಎರಡು ನಿಮಿಷದಲ್ಲಿ ಛತ್ರದಲ್ಲಿದ್ದವರೆಲ್ಲ ಕಾರಿಗೆ ಪ್ರದಕ್ಷಿಣೆ ಹಾಕತೊಡಗಿದರು. ಮದುಮಗನೂ ಒಂದು ಸುತ್ತು ಹಾಕಿದ. ಮೇಷ್ಟ್ರಿಗೆ ಆವೇಶ ಬಂತು. ಕಾರಿನ ಮುಂದೆ ನಿಂತು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವಂಥ ದನಿಯಲ್ಲಿ ಕೇಳಿದರು: "ಎಲ್ಲರ ಎದುರಿಗೆ ಹೇಳು! ವ್ಯತ್ಯಾಸ ಇದೆಯೋ ಇಲ್ವೋ?"

ಯಜಮಾನಿ ಶಾಂತವಾಗಿ, "ಇದೆ. ಹೌದು, ಹೊಳೀತಿದೆ. ಗುರುವಾರಾನೇ ಕಾಣಿಸ್ತು" ಎಂದರು.

ಕಾರು ಉಳಿಯಿತು! ಕೊಟ್ಟ ಮಾತಿಗೆ ಒಂದು ದಿನ ತಡವಾದರೂ ಯಜಮಾನಿ ಅದನ್ನು ಎತ್ತಲಿಲ್ಲ. "ನನ್ನ ಕಾರಿಗೂ ಸ್ವಲ್ಪ ಕೈಯಾಡಿಸಯ್ಯಾ" ಎಂದು ಷಡ್ಡಕನೇ ಬಾಯಿಬಿಟ್ಟು ಕೇಳಿದಾಗ ಮೇಷ್ಟ್ರು ನೆಲದಿಂದ ಎರಡಂಗುಲ ಮೇಲೆ ನಡೆದರು.

ಮನೆಗೆ ಹಿಂದಿರುಗುವಾಗ ಮಾತ್ರ ಅವರಿಗೆ ತಡೆಯಲಾಗಲಿಲ್ಲ. "ಗುರುವಾರಾನೇ ಕಾಣಿಸಿದ್ರೆ ಮೂರು ದಿನ ಯಾಕೆ ನನ್ನ ಹೊಟ್ಟೆ ಉರಿಸಿದೆ?"

"ಉಜ್ಜಿ ಉಜ್ಜಿ ಹೆಗಲು ಬಿದ್ದುಹೋದ ಮೇಲೆ, ಮನೆಯವರು ನೋಡಿ, ಏನೂ ಕಾಣಿಸ್ತಿಲ್ಲ ಅಂದ್ರೆ ಹೇಗಿತ್ತು ನಿಮಗೆ?"

"ಹೇಗಿತ್ತು ಅಂದ್ರೆ? ಕರುಳು ಕಿತ್ತು ಬಂದ ಹಾಗಿತ್ತು!"

"ನಾನೂ ಒಂದು ಪ್ರಯೋಗ ಮಾಡ್ತಿದೀನಿ" ಎಂದರು ಯಜಮಾನಿ, ರಸ್ತೆಯನ್ನೇ ನೋಡುತ್ತ. "ನೀವು ಕೂರೋ ಕಿಟಕಿಗೆ ಎರಡು ಗಾಜಿದೆಯಲ್ಲ? ಒಂದು ತಿಂಗಳಿಂದ ಒಂದನ್ನ ದಿನಾ ಒರೆಸ್ತೀನಿ, ಇನ್ನೊಂದನ್ನ ಮುಟ್ಟಿಲ್ಲ. ನಿಮ್ಮ ಕುರ್ಚಿ ಮುಟ್ಟದೇ ಇರೋ ಗಾಜಿನ ಮುಂದಿದೆ. ದಿನಾ ಎರಡು ಗಂಟೆ ಅಲ್ಲೇ ಕೂತು ಪೇಪರ್ ಓದ್ತೀರಿ. ವ್ಯತ್ಯಾಸ ಕಾಣಿಸ್ತಾ?"

ಮೇಷ್ಟ್ರು ಗೇರು ಬದಲಾಯಿಸಿದರು. ಬದಲಾಯಿಸುವ ಅಗತ್ಯವಿರಲಿಲ್ಲ.

"ಕನ್ನಡಕ ಬದಲಾಯಿಸ್ತೀನಿ ಅಂದ್ರಿ" ಎಂದು ಯಜಮಾನಿ ಮೆಲ್ಲಗೆ ಸೇರಿಸಿದರು. "ಮೂವತ್ತಾರು ವರ್ಷದಿಂದ ಈ ಮನೆ ಒರೆಸ್ತಿದೀನಿ ರೀ. ಒಂದು ದಿನಾನಾದ್ರೂ ಹೊಳೀತಿದೆ ಅಂದಿದೀರಾ?"

ಸೋಮವಾರ ಬೆಳಿಗ್ಗೆ ಗುಜರಿಯವನು ಬಂದು, ಗುಲಾಬಿ ಹೊದಿಕೆಯ ಅಂಚೆತ್ತಿ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿದ. ಟೈಲರನಿಗೆ ಬೇರೊಂದು ದೃಶ್ಯ ಕಂಡಿತು. ಮೇಷ್ಟ್ರು ಸ್ಟೂಲಿನ ಮೇಲೆ ನಿಂತಿದ್ದರು. ಕೆಳಗೆ ಎರಡು ಬಕೆಟ್ಟು, ಒಂದರಲ್ಲಿ ನೊರೆ, ಒಂದರಲ್ಲಿ ಬರೀ ನೀರು. ಮೇಲಿನಿಂದ ಕೆಳಕ್ಕೆ, ಅಂಗೈ ಅಗಲದಷ್ಟು ಜಾಗ, ಸಣ್ಣ ಸಣ್ಣ ಸುತ್ತು. ಒಂದು ಗಂಟೆಯ ಮೇಲೆ ಬೆವರು ಒರೆಸಿಕೊಂಡು, ಪರೀಕ್ಷೆ ಬರೆದ ಹುಡುಗನ ಎದೆಬಡಿತದೊಡನೆ ಕರೆದರು: "ಬಾರೇ, ನೋಡು ಬಾ."

ಯಜಮಾನಿ ಬಂದು ಎರಡು ಗಾಜನ್ನೂ ನೋಡಿದರು. ತಲೆ ಓರೆ ಮಾಡಿಯೂ ನೋಡಿದರು.

"ಎರಡೂ ಒಂದೇ ಥರ ಇದೆ!"

ಅಷ್ಟು ದೊಡ್ಡ ಹೊಗಳಿಕೆಯನ್ನು ಮೇಷ್ಟ್ರು ಎಂದೂ ಕೇಳಿರಲಿಲ್ಲ. ಸ್ಟೂಲಿನಿಂದ ಜಿಗಿದಿಳಿದು, ಪಾಲಿಷ್ ಡಬ್ಬಿ ಎತ್ತಿಕೊಂಡು, ಕಾರಿನ ಉಳಿದರ್ಧದ ಕಡೆಗೆ ಓಡಹೊರಟರು.

"ಎಲ್ಲಿಗೆ ಹೊರಟ್ರಿ?" ಎಂದು ಯಜಮಾನಿ ಒದ್ದೆ ಬಟ್ಟೆಯನ್ನು ಮತ್ತೆ ಅವರ ಕೈಗೆ ಕೊಟ್ಟರು. "ಈ ಕಿಟಕಿಗೂ ಉಳಿದ ಏಳು ಕಿಟಕಿಗೂ ಎಷ್ಟು ವ್ಯತ್ಯಾಸ ಕಾಣಿಸ್ತಿದೆ, ನೀವೇ ನೋಡಿ!"