ಉಯ್ಯಾಲೆ ಕ್ರೇನು

ಅಣ್ಣನ ಸೊಂಟ ಹಿಡಿದುಕೊಂಡದ್ದು ಮರದ ದಿಮ್ಮಿ ಎತ್ತುವಾಗಲ್ಲ, ಚಪ್ಪಲಿ ಎತ್ತಿಕೊಳ್ಳುವಾಗ. ಹರೆಯದಿಂದ ದಿಮ್ಮಿಗಳನ್ನು ಹೆಗಲ ಮೇಲೆ ಹೊತ್ತು ತನ್ನ ಸಣ್ಣ ಲಾರಿಗೆ ಹೇರಿದ್ದ ಮನುಷ್ಯ ಒಂದು ಬೆಳಿಗ್ಗೆ ಬಾಗಿಲಲ್ಲಿ ಬಗ್ಗಿದವನು ಬಗ್ಗಿದಂತೆಯೇ ಉಳಿದ. ಇನ್ನು ಭಾರ ಎತ್ತಿದರೆ ಮತ್ತೆ ನೆಟ್ಟಗೆ ನಿಲ್ಲುವ ಮಾತೇ ಇಲ್ಲ ಎಂದರು ಡಾಕ್ಟರು. ಹೇರಲು ಆಳುಗಳು ಸಿಗುತ್ತಿರಲಿಲ್ಲ, ಸಿಕ್ಕವರು ನಿಲ್ಲುತ್ತಿರಲಿಲ್ಲ. ಕೊನೆಗೆ ಲಾರಿ ಮಾರುವುದೆಂದಾಯಿತು. ಕೊಳ್ಳುವವನು ನಾಳೆ ಬರುವವನಿದ್ದ.

ಪಕ್ಕದ ಮನೆಯಲ್ಲೇ ಇದ್ದ ತಮ್ಮನಿಗೆ ಇದು ಅತ್ತಿಗೆಯಿಂದ ತಿಳಿಯಿತು. ಅಣ್ಣನ ಮನೆಯ ಸುದ್ದಿಯೆಲ್ಲ ಅವನಿಗೆ ತಿಳಿಯುತ್ತಿದ್ದದ್ದು ಅತ್ತಿಗೆಯಿಂದಲೇ. ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ ರಾತ್ರಿ ಪಕ್ಕದಲ್ಲಿ ಕೂರುವ ಸರದಿ ತಮ್ಮನದಾಗಿತ್ತು. ಅವನು ಕುರ್ಚಿಯಲ್ಲೇ ನಿದ್ದೆಹೋದ. ಬೆಳಿಗ್ಗೆ ಅಣ್ಣ ಬಂದು ಇಬ್ಬರನ್ನೂ ಎಬ್ಬಿಸಿದಾಗ ಎದ್ದದ್ದು ತಮ್ಮನೊಬ್ಬನೇ. ಅಂದಿನಿಂದ, ಎರಡು ವರ್ಷವಾಗುತ್ತ ಬಂತು, ಅಣ್ಣ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಅದನ್ನಾದರೂ ನೆನೆದು ಸಿಟ್ಟು ಮಾಡಿಕೊಳ್ಳಬಹುದಿತ್ತು. ಬೈಯಲೂ ಇಲ್ಲ. ಇಬ್ಬರ ನಡುವೆ ಗೋಡೆ ಕಟ್ಟಿದ್ದರೆ ಅದರಲ್ಲೊಂದು ಬಿರುಕಾದರೂ ಇರುತ್ತಿತ್ತು. ಈ ಮೌನದಲ್ಲಿ ಅದೂ ಇರಲಿಲ್ಲ.

ತಮ್ಮನದು ವೆಲ್ಡಿಂಗ್ ಅಂಗಡಿ. ಅವನಿಗೆ ಮಾತು ಬಗ್ಗುತ್ತಿರಲಿಲ್ಲ, ಕಬ್ಬಿಣ ಬಗ್ಗುತ್ತಿತ್ತು. ಲಾರಿ ಉಳಿಸಿಕೊಟ್ಟರೆ ಅಣ್ಣನ ಬಾಯಿಂದ ಒಂದು ಮಾತಾದರೂ ಉದುರೀತು ಎಂದುಕೊಂಡ. ಪಾರ್ಕಿನವರು ಗುಜರಿಗೆ ಹಾಕಿದ್ದ ಮಕ್ಕಳ ಉಯ್ಯಾಲೆಯ ಚೌಕಟ್ಟು ತಂದ. ಅದಕ್ಕೆ ಬಾವಿಯ ರಾಟೆಗಳನ್ನು ಬೆಸೆದು, ಹಗ್ಗ ಹಿಂದಕ್ಕೆ ಜಾರದಂತೆ ಹಳೆ ಸೈಕಲ್ಲಿನ ಹಲ್ಲುಚಕ್ರವೊಂದನ್ನು ಕೂರಿಸಿದ. ಮರುದಿನ ಬೆಳಿಗ್ಗೆ, ಕೊಳ್ಳುವವನು ಬರುವ ಮೊದಲೇ, ಅದನ್ನು ಎಳೆದು ತಂದು ಅಣ್ಣನ ಅಂಗಳದಲ್ಲಿ, ಸಾಮಿಲ್ಲಿಗೆ ಹೋಗಬೇಕಾದ ಮೂರು ದಿಮ್ಮಿ ಬಿದ್ದಿದ್ದ ಕಡೆ ನಿಲ್ಲಿಸಿದ. ಅದು ಊಟ ಕಾಣದ ಒಂಟೆಯ ಹಾಗೆ ಕಾಲು ಅಗಲಿಸಿ ನಿಂತಿತು.

ಮೆಟ್ಟಿಲ ಮೇಲೆ ಕೂತಿದ್ದ ಅಣ್ಣ ಅದನ್ನು ಬಹಳ ಹೊತ್ತು ನೋಡಿ ಹೆಂಡತಿಯ ಕಡೆ ತಿರುಗಿದ.

"ಇದೇನು ಅಂತ ಕೇಳು."

ಕೂಗಳತೆಯೂ ಬೇಡ, ಕೈಯಳತೆಯಲ್ಲಿದ್ದ ಮೈದುನನನ್ನು ಅತ್ತಿಗೆ ಕೇಳಿದಳು. "ಏನಪ್ಪಾ ಇದು, ಕೇಳ್ತಿದಾರೆ."

"ಕ್ರೇನು, ಅತ್ತಿಗೆ."

"ಕ್ರೇನಂತೆ," ಎಂದಳು ಗಂಡನಿಗೆ.

"ಯಾರ ತಲೆ ಮೇಲೆ ಬೀಳತ್ತೆ ಅಂತ ಕೇಳು."

ಅದನ್ನು ಅವಳು ದಾಟಿಸಲಿಲ್ಲ. ಇಬ್ಬರ ನಡುವೆ ಓಡಾಡಿ ಅವಳಿಗೂ ಸಾಕಾಗಿತ್ತು.

ತಮ್ಮನು ಮೊದಲ ದಿಮ್ಮಿಗೆ ಹಗ್ಗ ಬಿಗಿದು ಇನ್ನೊಂದು ತುದಿಗೆ ಜೋತುಬಿದ್ದ. ದಿಮ್ಮಿ ಅಲುಗಲಿಲ್ಲ, ಇವನೇ ನೆಲದಿಂದ ಗೇಣುದ್ದ ಮೇಲೆದ್ದು, ಒಗೆದು ಹಾಕಿದ ಪ್ಯಾಂಟಿನ ಹಾಗೆ ತೂಗಾಡಿದ. ಇದಕ್ಕಾಗಿಯೇ ಕಾದಿದ್ದವರಂತೆ ಎದುರುಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ಬಂದರು. ಹಗ್ಗವನ್ನು ರಾಟೆಗಳಲ್ಲಿ ಹಾಯಿಸಿದ್ದೇ ತಪ್ಪು ಎಂದು ಅದನ್ನು ಬಿಚ್ಚಿ ಹೊಸದಾಗಿ ಹೆಣೆದುಕೊಟ್ಟರು. ಪಾಠದ ಭರದಲ್ಲಿ ಕುತ್ತಿಗೆಯ ಮಫ್ಲರನ್ನೂ ಜೊತೆಗೆ ಹೆಣೆದುಬಿಟ್ಟಿದ್ದರು. ತಮ್ಮನು ಹಗ್ಗ ಜಗ್ಗಿದ್ದೇ ಮೇಷ್ಟ್ರು ತುದಿಗಾಲ ಮೇಲೆ ನಿಂತರು. ಪಕ್ಕದ ಅಂಗಡಿಯ ಟೈಲರ್ ಕತ್ತರಿ ಹಿಡಿದು ಓಡಿಬಂದು ಮಫ್ಲರ್ ಕತ್ತರಿಸಿ ಪ್ರಾಣ ಉಳಿಸಿದ. ಉಸಿರು ಬಂದ ಮೇಲೆ ಮೇಷ್ಟ್ರು ಮೊದಲು ಮಾಡಿದ ಕೆಲಸ, ಒಳ್ಳೆ ಮಫ್ಲರ್ ಹಾಳುಮಾಡಿದನೆಂದು ಟೈಲರನ ಮೇಲೆ ಮುನಿಸಿಕೊಂಡದ್ದು.

ಆದರೂ ಹೆಣಿಗೆ ಸರಿಯಾಗಿತ್ತು. ಮೂವರೂ ಸೇರಿ ಎಳೆದಾಗ ದಿಮ್ಮಿ ಮುಲುಗುತ್ತ ಎದ್ದಿತು. ಹಲ್ಲುಚಕ್ರ ಟಕ್ ಟಕ್ ಎಂದು ಹಗ್ಗವನ್ನು ಹಿಡಿದುಕೊಂಡಿತು. ಆಗ ಯಾರೂ ಹೇಳದೆ ಅಣ್ಣ ಎದ್ದು, ಸೊಂಟದ ಮೇಲೆ ಕೈಯಿಟ್ಟುಕೊಂಡೇ ಲಾರಿ ಹತ್ತಿ, ಹಿಂದಕ್ಕೆ ತಂದು ದಿಮ್ಮಿಯ ಕೆಳಗೆ ನಿಲ್ಲಿಸಿದ. ಮೆಲ್ಲಗೆ ಇಳಿಸಿದರು. ಎರಡನೆಯದೂ ಏರಿತು. ಅಣ್ಣನ ಮುಖದಲ್ಲಿ ಏನೋ ಸಡಿಲವಾದದ್ದನ್ನು ತಮ್ಮ ನೋಡಿದ. ನೋಡಿದ್ದು ಗೊತ್ತಾದರೆ ಅದು ಮತ್ತೆ ಬಿಗಿದುಕೊಂಡೀತೆಂದು ತಲೆ ತಗ್ಗಿಸಿದ.

ಮೂರನೆಯದು ಎಲ್ಲಕ್ಕಿಂತ ದಪ್ಪ. ಅದು ಮೇಲೆದ್ದು, ಅಣ್ಣ ಲಾರಿಯನ್ನು ಅದರ ಕೆಳಗೆ ತಂದು ಇಳಿದು ಬಂದದ್ದಾಗಿತ್ತು. ಅಷ್ಟರಲ್ಲಿ ಹಲ್ಲುಚಕ್ರದ ಹಲ್ಲೊಂದು ಸಿಡಿದು ಮೇಷ್ಟ್ರ ಹಣೆಗೆ ಬಡಿಯಿತು. ಅವರು ರಕ್ತ ಕಂಡು ಕೂತರು. ತಮ್ಮನು ಹಗ್ಗವನ್ನು ಚೌಕಟ್ಟಿನ ಕಂಬಕ್ಕೆ ಸರಸರನೆ ಸುತ್ತು ಹಾಕಿ, ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತ. ಸುತ್ತು ಹಾಕಿದ್ದರಿಂದ ಭಾರ ಒಬ್ಬನ ಕೈಗೂ ತಡೆಯುತ್ತಿತ್ತು. ಕಂಬದ ಬುಡಕ್ಕೆ ಬಗ್ಗಿ ಗಂಟು ಬಿಗಿಯಲು ಮಾತ್ರ ಇನ್ನೊಬ್ಬರು ಬೇಕಿತ್ತು, ಬಗ್ಗುವುದು ಅಣ್ಣನಿಂದ ಆಗುತ್ತಿರಲಿಲ್ಲ. ಆದರೆ ಟೈಲರ್ ಮೇಷ್ಟ್ರನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ನಡೆದಿದ್ದ. ಅತ್ತಿಗೆ ಹತ್ತಿ ಹಿಡಿದು ಅವರ ಹಿಂದೆ ಓಡಿದ್ದಳು.

ಅಂಗಳದಲ್ಲಿ ಅಣ್ಣ ತಮ್ಮ ಇಬ್ಬರೇ ಉಳಿದರು. ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ. ಮೇಲೆ ದಿಮ್ಮಿ ನಿಧಾನಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುತ್ತಿತ್ತು. ಅಂಗೈ ಉರಿಯುತ್ತಿದ್ದರೂ ತಮ್ಮನಿಗೆ, ಅವರೆಲ್ಲ ಇನ್ನೂ ಸ್ವಲ್ಪ ಹೊತ್ತು ಬಾರದಿದ್ದರೆ ಚೆನ್ನ ಎನಿಸಿತು.

"ಅಣ್ಣ," ಎಂದ. "ಅವತ್ತು... ನಂಗೆ ನಿದ್ದೆ ಬಂತು. ಬರಬಾರ್ದಿತ್ತು."

ಅಣ್ಣ ದಿಮ್ಮಿ ನೋಡಿದ. ತಮ್ಮನ ಮುಷ್ಟಿ ನೋಡಿದ. ಬೆರಳ ಸಂದಿಯಲ್ಲಿ ಹಗ್ಗ ಕೆಂಪಾಗಿತ್ತು.

"ಹೋಗ್ಲಿ, ಬಿಡು," ಎಂದ.

ಎರಡು ವರ್ಷಕ್ಕೆ ಅಣ್ಣ ನೇರವಾಗಿ ಆಡಿದ ಮೊದಲ ಮಾತು. ಅಣ್ಣನ ಮಾತನ್ನು ತಮ್ಮ ಚಿಕ್ಕಂದಿನಿಂದ ಮೀರಿದವನಲ್ಲ. ಬಿಟ್ಟ.

ಕ್ಲಿನಿಕ್ಕಿನವರೆಗೂ ಸದ್ದು ಕೇಳಿತಂತೆ. ಅತ್ತಿಗೆ, ಟೈಲರ್, ಹಣೆಗೆ ಪಟ್ಟಿ ಸುತ್ತಿಸಿಕೊಂಡ ಮೇಷ್ಟ್ರು ಓಡಿಬರುವ ಹೊತ್ತಿಗೆ ದೂಳು ಇಳಿದಿತ್ತು. ದಿಮ್ಮಿ ಲಾರಿಯ ಹಲಗೆಗಳನ್ನು ಸೀಳಿಕೊಂಡು ಆಕ್ಸಲ್ ಮುರಿದು ನೆಲ ಮುಟ್ಟಿತ್ತು. ಲಾರಿ ಮುಂಗಾಲೆತ್ತಿ, ಸೊಂಟ ಮುರಿದ ನಾಯಿಯ ಹಾಗೆ ಕೂತಿತ್ತು. ಉಳಿಸಿಕೊಳ್ಳುವುದಿರಲಿ, ಮಾರಲೂ ಈಗ ಅಲ್ಲಿ ಲಾರಿ ಎಂಬುದು ಇರಲಿಲ್ಲ.

ತಮ್ಮ ನಡೆದದ್ದನ್ನು ಹೇಳಿದ. ಕೈಯಲ್ಲಿ ಹಗ್ಗ ಇರುವವನಿಗೆ ಬಿಡು ಎಂದರೆ ಅದು ಹಗ್ಗವೇ, ಇನ್ನೇನು, ಎಂದ ಟೈಲರ್. ಬಿಡು ಎಂಬುದರ ಹಿಂದೆ ಹೋಗ್ಲಿ ಎಂದು ಸೇರಿದ್ದರೆ ಅದು ಕ್ಷಮೆಯ ಅರ್ಥ, ಹಗ್ಗಕ್ಕೆ ಹಾಗೆ ಯಾರೂ ಅನ್ನುವುದಿಲ್ಲ ಎಂದರು ಮೇಷ್ಟ್ರು. ದಿಮ್ಮಿ ಹೋಗಿದ್ದಂತೂ ನಿಜವಲ್ಲವೇ ಎಂದ ಟೈಲರ್. ಇಬ್ಬರಿಗೂ ಅಲ್ಲೇ ಜಗಳ ಹತ್ತಿತು.

ಅಣ್ಣ ಮೆಟ್ಟಿಲ ಮೇಲೆ ಹೋಗಿ ಕೂತಿದ್ದ. ತಮ್ಮ ಅತ್ತಿಗೆಯ ಹತ್ತಿರ ಬಂದ.

"ಯಾವುದಕ್ಕೆ ಬಿಡು ಅಂದಿದ್ದು, ಅದೊಂದು ಕೇಳಿ ಅತ್ತಿಗೆ. ಬೇರೇನೂ ಬೇಡ."

"ಯಾವುದಕ್ಕೆ ಅಂದಿದ್ದು ಅಂತ ಕೇಳ್ತಿದಾನೆ," ಎಂದಳು ಅತ್ತಿಗೆ.

ಅಣ್ಣ ಲಾರಿಯನ್ನೇ ನೋಡುತ್ತಿದ್ದ.

"ಅಪ್ಪನ ವಿಷಯಕ್ಕೇ ಅಂದಿದ್ದು ಅಂತ ಹೇಳು," ಎಂದ. "ಆ ಮಾತು ಈಗ ವಾಪಸ್ ತಗೊಂಡಿದೀನಿ ಅಂತಾನೂ ಹೇಳು."