ಜೀಪು ಬಿಟ್ಟ ಭಾನುವಾರ

"ಬಿಡ್ತೀನಿ! ಬರೋ ಭಾನುವಾರ ಬಿಟ್ಟೇ ಬಿಡ್ತೀನಿ! ನೋಡ್ತಾ ಇರು!"

ಸೊಸೆ ಈ ಘೋಷಣೆ ಹೊರಡಿಸಿದ್ದು ಅಡುಗೆಮನೆ ಬಾಗಿಲಲ್ಲಿ, ಕೈಯಲ್ಲಿ ಸೌಟು ಹಿಡಿದು. ಎದುರಿಗೆ ನಿಂತಿದ್ದವನು ಮೈದುನ. ಅವನ ಮುಖ ಅರಳಿತು.

"ಒಳ್ಳೇದಾಯ್ತು ಅತ್ತಿಗೆ. ನೀವು ಒಪ್ಪಲ್ಲ ಅಂದ್ಕೊಂಡಿದ್ದೆ," ಎಂದವನೇ ಸಿಳ್ಳೆ ಹಾಕುತ್ತಾ ತನ್ನ ಭಾಗದ ಮನೆಗೆ ಹೋದ. ಮನೆ ಒಂದೇ, ನಡುವೆ ಗೋಡೆ. ಅಂಗಳ ಒಂದೇ, ಗೇಟು ಒಂದೇ, ಶೆಡ್ಡೂ ಒಂದೇ. ಶೆಡ್ಡಿನ ನೆರಳಲ್ಲಿ ಜೀಪು. ಅಂಗಳದ ಬಿಸಿಲಲ್ಲಿ ಮೈದುನನ ಹೊಸ ಕಾರು.

"ನಿನ್ನ ಮೈದುನ ಖುಷಿಯಾಗಿ ಹೋದ," ಎಂದರು ಒಳಗಿನಿಂದ ಅತ್ತೆ. "ನನ್ನ ಮಗನೇ ಆದ್ರೂ ಹೇಳ್ತೀನಿ. ಅವನು ಖುಷಿಯಾದ್ರೆ ನನಗೆ ಭಯ."

ಅತ್ತೆಯ ಭಯ ಸುಳ್ಳಾಗಿರಲಿಲ್ಲ. ಸೊಸೆಯ ಗಂಡ ಹಾಸಿಗೆ ಹಿಡಿದಾಗಿನಿಂದ ಜೀಪು ಕದಲಿರಲಿಲ್ಲ. ಗಂಡ ಹೋದ, ಜೀಪು ಉಳಿಯಿತು. ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಗುಡ್ಡ ಹತ್ತುವ, ಕೆಸರು ಸೀಳುವ ಹಳೇ ಕಾಲದ ಮಹಾಜೀಪು! ಈಗ ನಾಲ್ಕೂ ಚಕ್ರದಲ್ಲಿ ಗಾಳಿ ಇಲ್ಲದೆ, ಕಾಲು ಮಡಚಿದ ಎಮ್ಮೆಯಂತೆ ಕೂತಿತ್ತು. ಮೈದುನ ಬಂದು, "ಅಣ್ಣನೇ ಹೋದ್ಮೇಲೆ ಆ ಗಾಡಿ ಇಟ್ಕೊಂಡು ಏನ್ಮಾಡ್ತೀರಿ ಅತ್ತಿಗೆ? ಬಿಟ್ಟುಬಿಡಿ" ಎಂದಿದ್ದ. ಗಾಡಿಯ ಆಸೆ ಬಿಡಿ, ಶೆಡ್ಡು ನನ್ನ ಕಾರಿಗಾಗಲಿ ಎಂದು ಅವನ ಅರ್ಥ. ಬಿಡುತ್ತೇನೆ, ಅಂದರೆ ಗಾಡಿ ಓಡಿಸಿ ತೋರಿಸುತ್ತೇನೆ ಎಂದು ಅವಳು ಅದೇ ಮಾತನ್ನು ತಿರುಗಿಸಿ ಹೊಡೆದಿದ್ದಳು. ಪೆಟ್ಟು ಅವನಿಗೆ ತಗಲಲೇ ಇಲ್ಲ. ಅವನು ಹೋಗಿ ಗುಜರಿಯವನಿಗೆ ಫೋನು ಮಾಡಿದ. ಅವಳು ಹೋಗಿ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು.

'ಬಿಡು' ಎಂಬ ಮಾತಿಗೂ ಅವಳಿಗೂ ಹಳೇ ಜಗಳ. ಜೀಪಿನ ಬ್ಯಾಟರಿ ಯಾವತ್ತೂ ನೆಟ್ಟಗಿರಲಿಲ್ಲ. ಗಂಡ ಹಿಂದಿನಿಂದ ತಳ್ಳುತ್ತಿದ್ದ. ಅವಳು ಮುಂದೆ ಕೂತು ಕ್ಲಚ್ ಒತ್ತಿ ಹಿಡಿದಿರುತ್ತಿದ್ದಳು. ಗಾಡಿಗೆ ಓಟ ಬಂದಾಗ ಅವನು ಏದುಸಿರಿನಲ್ಲಿ ಕೂಗುತ್ತಿದ್ದ, "ಬಿಡು! ಬಿಡು!" ಕ್ಲಚ್ ಬಿಡು ಎಂದು. ಮೊದಲ ಸಲ, ಪಾಪ ದಣಿದಿದ್ದಾರೆ, ಸಾಕು ಬಿಡು ಅನ್ನುತ್ತಿದ್ದಾರೆ ಎಂದುಕೊಂಡು ಅವಳು ಬ್ರೇಕು ಹಾಕಿ, ಇಳಿದು, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

"ಕ್ಲಚ್ ಬಿಡೇ ಅಂದ್ರೆ ಗಂಡನ್ನೇ ಬಿಟ್ಟು ಹೋಗ್ತೀಯಲ್ಲೇ!"

ಅರ್ಥ ತಿಳಿದ ಮೇಲೂ ಕಾಲಿಗೆ ಬುದ್ಧಿ ಬರಲಿಲ್ಲ. "ಬಿಡು" ಎಂದು ಕಿವಿಗೆ ಬಿದ್ದರೆ ಸಾಕು, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಅವಳ ಕಾಲಲ್ಲಿ ಒಂದು ಸಲವೂ ಜೀಪು ಶುರುವಾಗಲಿಲ್ಲ. ಕೊನೆಗೆ ಬಿಟ್ಟು ಹೋದವನು ಅವನು. ಆಮೇಲೆ ಮಾತಾಡಿಸಲು ಬಂದವರೆಲ್ಲ ಅದನ್ನೇ ಹೇಳಿದರು. ಬಿಡು ತಾಯಿ. ಆಗಿದ್ದು ಆಗಿಹೋಯ್ತು, ಬಿಡು. ಅವಳಿಗೆ ಆಗಲೂ ಬಿಡಲು ಬಂದಿರಲಿಲ್ಲ. ಈಗಲೂ ಬರಲಿಲ್ಲ.

ಅದಕ್ಕೇ ಈ ಹಟ. ಒಂದು ಸಲ, ಒಂದೇ ಒಂದು ಸಲ, ಅವಳ ಕಾಲಲ್ಲಿ ಅದು ಶುರುವಾಗಬೇಕು.

ಟಾರ್ಪಾಲು ಎಳೆದರೆ ಒಳಗೆ ಅತ್ತೆಯ ಸಾಮ್ರಾಜ್ಯ! ಈರುಳ್ಳಿ ಬುಟ್ಟಿ, ಮುರಿದ ಕುರ್ಚಿ, ಕೊಡೆಯ ಅಸ್ಥಿಪಂಜರ, ಸೈಕಲ್ಲು ಹೋಗಿ ಒಂಟಿಯಾಗಿ ಉಳಿದ ಸೈಕಲ್ ಬೆಲ್ಲು. ಹಿಂದಿನ ಸೀಟಿನಲ್ಲಿ ಮಾತ್ರ ಹಾಸಿದ ಕಂಬಳಿ, ದಿಂಬು. ಮಧ್ಯಾಹ್ನ ಅತ್ತೆ ಮಲಗುತ್ತಿದ್ದುದು ಇಲ್ಲಿ.

"ಮನೇಲಿ ಮಂಚ ಇಲ್ವಾ ಅತ್ತೆ?"

"ಮಂಚ ಇದೆ. ಮಂಚದ ಮುಂದೆ ಅವನು ಕೂತು ಓಡಿಸ್ತಾ ಇರೋ ಹಾಗೆ ಅನಿಸಲ್ಲ."

ಇಬ್ಬರೂ ಸ್ವಲ್ಪ ಹೊತ್ತು ಈರುಳ್ಳಿ ಸುಲಿದರು. ಕಣ್ಣೀರಿಗೆ ಒಂದು ನೆಪ ಬೇಕಲ್ಲ.

ಮೆಕ್ಯಾನಿಕ್ಕಿನ ಹೆಸರು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾವಾಗ ಫೋನು ಮಾಡಿದರೂ "ಇಗೋ ಬಂದೆ" ಅನ್ನುತ್ತಿದ್ದುದರಿಂದ 'ಇಗೋಬಂದೆ' ಎಂದೇ ಹೆಸರಾಗಿತ್ತು. ಗಂಡನ ಗೆಳೆಯ. ಹೇಗೋ ಒಂದು ದಿನ ನಿಜವಾಗಿಯೂ ಬಂದ. ಬಾನೆಟ್ಟು ಎತ್ತಿದ. ಇಲಿಗಳು ಸಂಸಾರ ಸಮೇತ ಇಳಿದು ಹೋದವು. ಎಂಜಿನ್ ಆಯಿಲ್ ಬದಲಿಸಿದ, ಚಕ್ರ ಬಿಚ್ಚಿದ, ಹಾಕಿದ, ಕೈ ಒರೆಸಿದ.

"ಎಂಜಿನ್ ಗಟ್ಟಿ ಇದೆ ಅಕ್ಕ. ಹೊಸ ಡೀಸೆಲ್ ಹಾಕಿ, ಗಾಳಿ ತೆಗೆದು ತಳ್ಳಿದ್ರೆ ಎದ್ದೇಳುತ್ತೆ."

"ಬ್ರೇಕು?"

"ಅದು ಪೂರಾ ಹೋಗಿದೆ. ಸಾಮಾನು ತಗೊಂಡು ನಾಳೆ ಬರ್ತೀನಿ."

ನಾಳೆ ಬಂತು. ಅವನು ಬರಲಿಲ್ಲ. ನಾಳಿದ್ದೂ ಬಂತು. "ಇಗೋ ಬಂದೆ ಅಕ್ಕ!" ಅವಳಿಗೆ ಊಟ ಸೇರದು. ಒಗೆಯಲು ಹಾಕಿದ ಬಟ್ಟೆಯನ್ನು ಎರಡೆರಡು ಸಲ ಒಗೆದಳು. ಬ್ರೇಕು ಇರುವುದು ನಿಲ್ಲಿಸಲು, ಮೊದಲು ಹೊರಡಲಿ, ಆಮೇಲೆ ನಿಲ್ಲಿಸುವ ಮಾತು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು. ಇಂಥ ಧೈರ್ಯ ಶತ್ರುವಿಗೂ ಬೇಡ!

ಶನಿವಾರ ಬೆಳಿಗ್ಗೆ ಅತ್ತೆ ಸೊಸೆ ಸೇರಿ ಹೊಸ ಡೀಸೆಲ್ ಹಾಕಿ, ಸೈಕಲ್ ಪಂಪಿನಿಂದ ಟಯರಿಗೆ ಗಾಳಿ ಹೊಡೆದರು. ಸೊಸೆ ಹೊಡೆಯುವುದು, ಅತ್ತೆ ಮೂತಿ ಹಿಡಿಯುವುದು. ಪಂಪಿನ ಮೂತಿ. ತೋಳು ಸೋತು, ಬೆನ್ನು ಬಿದ್ದುಹೋಗುವ ಹೊತ್ತಿಗೆ ಜೀಪು ನಾಲ್ಕು ಕಾಲ ಮೇಲೆ ಎದ್ದು ನಿಂತಿತು. ಸೊಸೆ ಉಸ್ಸೆಂದಳು.

"ಇನ್ನು ಗಾಳಿ ತೆಗೆದ್ರೆ ಮುಗೀತು ಅತ್ತೆ. ಸ್ಪ್ಯಾನರ್ ತರ್ತೀನಿ, ಇರಿ."

ಡೀಸೆಲ್ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಎಂಜಿನ್ ಏಳುವುದಿಲ್ಲ. ಆ ಗಾಳಿ ತೆಗೆಯುವ ಸ್ಪ್ಯಾನರ್ ಹುಡುಕುವುದೇ ಒಂದು ಕೆಲಸ. ಗಂಡ ಗಾಡಿ ಕೆಳಗೆ ಮಲಗಿ ಕೈ ಚಾಚಿದರೆ, ಯಾವ ಸ್ಪ್ಯಾನರ್ ಕೊಡಬೇಕೆಂದು ಅವನ ಬೈಗುಳದಿಂದಲೇ ಅವಳಿಗೆ ತಿಳಿಯುತ್ತಿತ್ತು. ಬೈಯುವವನಿಲ್ಲದೆ ಈಗ ಎಲ್ಲ ಸ್ಪ್ಯಾನರುಗಳೂ ಒಂದೇ ತರ ಕಂಡವು. ಎಲ್ಲವನ್ನೂ ಸೆರಗಿನಲ್ಲಿ ತುಂಬಿಕೊಂಡು ಬಂದರೆ, ಶೆಡ್ಡಿನಿಂದ ಟುಸ್ಸ್ ಎಂಬ ಸದ್ದು! ಎರಡು ಟಯರು ಚಪ್ಪಟೆ. ಅತ್ತೆ ಮೂರನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಅಯ್ಯೋ! ಏನತ್ತೆ ಇದು!"

"ಗಾಳಿ ತೆಗೀಬೇಕು ಅಂದೆ, ತೆಗೀತಿದ್ದೀನಿ. ಹಾಕೋಕೆ ಬೆಳಿಗ್ಗೆಯೆಲ್ಲಾ ಬೇಕಾಯ್ತು. ತೆಗೆಯೋದು ನೋಡು, ಎಷ್ಟು ಸಲೀಸು!"

"ಎಂಜಿನ್ನಿಂದ ಅತ್ತೆ! ಟಯರಿಂದ ಅಲ್ಲ!"

"ಹಾಗಂತ ಬಿಡಿಸಿ ಹೇಳಬೇಕಿತ್ತು."

ಮದುವೆಯಾಗಿ ಬಂದಾಗಿನಿಂದ ಅತ್ತೆ ಅವಳ ಮಾತು ಕೇಳಿದ್ದು ಅದೊಂದೇ ಸಲ!

ಟಯರಿಗೆ ಮತ್ತೆ ಗಾಳಿ ಹೊಡೆದು, ಡೀಸೆಲ್ ಪೈಪಿನ ಗಾಳಿ ತೆಗೆಯುವಷ್ಟರಲ್ಲಿ ಭಾನುವಾರ ಬಂದೇಬಿಟ್ಟಿತು. ಸೊಸೆ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು. "ದಾರೀಲಿದ್ದೀನಿ ಅಕ್ಕ, ಇಗೋ ಬಂದೆ!" ಎಂದ. ಫೋನಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಅಷ್ಟರಲ್ಲಿ ಗೇಟಿನ ಹೊರಗೆ ಲಾರಿಯೊಂದು ಬಂದು ನಿಂತಿತು. ಗುಜರಿಯವನು, ಜೊತೆಗೆ ಅವನ ಆಳುಗಳು. ಬೀದಿಯ ಇಳಿಜಾರಿನ ಕೊನೆಯಲ್ಲಿದ್ದ ಅವನ ಅಂಗಡಿಯನ್ನು ಹಾಗೇ ತೆರೆದಿಟ್ಟು ಎಲ್ಲರೂ ಬಂದಿದ್ದರು. ಮುಂದೆ ಮೈದುನ, ಇಸ್ತ್ರಿ ಶರ್ಟಿನಲ್ಲಿ.

"ಅತ್ತಿಗೆ, ಜೀಪಿನ ಕೀ ಕೊಡಿ."

"ಯಾಕೆ?"

"ಯಾಕೆ ಅಂದ್ರೆ? ನೀವೇ ಅಂದಿರಲ್ಲ, ಭಾನುವಾರ ಬಿಟ್ಟೇ ಬಿಡ್ತೀನಿ ಅಂತ!"

"ಬಿಡ್ತೀನಿ ಅಂದ್ರೆ ಓಡಿಸ್ತೀನಿ ಅಂತ ಕಣಪ್ಪಾ!"

"ಓಡಿಸೋದಾ? ನೀವಾ? ಇದನ್ನಾ?"

ಆಳುಗಳು ನಕ್ಕರು. ಗುಜರಿಯವನು ಮೀಸೆಯೊಳಗೆ ನಕ್ಕ. ಅಷ್ಟರಲ್ಲಿ ಜೀಪಿನ ಹಿಂದಿನ ಸೀಟಿನ ಕಂಬಳಿಯಿಂದ ಅತ್ತೆಯ ತಲೆ ಮೇಲೆದ್ದಿತು. "ಏನೋ ನಗ್ತೀಯಾ? ಇದು ಶುರುವಾಗಿ ಗೇಟು ದಾಟಿದ್ರೆ ಶೆಡ್ಡು ಇದರದ್ದೇ. ಒಪ್ಪಿಗೇನಾ?"

"ದಾಟದಿದ್ರೆ?"

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಜೀಪಿನ ಮುಖ ನೋಡಿದಳು.

"ದಾಟದಿದ್ರೆ ಗುಜರಿ," ಎಂದಳು. ಬಾಯಿಂದ ಮಾತು ಜಾರಿದ ಮೇಲೆ ಸೆರಗು ಸಿಕ್ಕಿಸಿ ಜೀಪು ಹತ್ತಿದಳು.

"ಅಮ್ಮಾ, ನೀನು ಇಳಿ."

"ನಾನು ಇಳಿಯಲ್ಲ. ಇದು ಗುಜರಿಗೆ ಹೋದ್ರೆ ನಾನೂ ಅದರ ಜೊತೆಗೇ. ತೂಕಕ್ಕೆ ಹಾಕ್ಕೊಳ್ಳಿ!"

ಗುಜರಿಯವನಿಗೆ ಹೇಗೂ ಲಾಭ. ಶುರುವಾಗದಿದ್ದರೆ ಲಾರಿಯ ತನಕ ಅದನ್ನು ತಳ್ಳಲೇಬೇಕಿತ್ತು. ಆಳುಗಳು ಹೆಗಲು ಕೊಟ್ಟರು. ಸೊಸೆ ಕ್ಲಚ್ ಒತ್ತಿ, ಗೇರು ಹಾಕಿದಳು. ಜೀಪು ಉರುಳಿತು. ಎಂಜಿನ್ ಮಾತ್ರ ಗಪ್‌ಚುಪ್. ಅಂಗಳ ಅರ್ಧ ಮುಗಿಯಿತು. ಆಳುಗಳು ನಿಂತರು. ಮೈದುನ ಗಡಿಯಾರ ನೋಡಿಕೊಂಡ.

ಏನು ಮರೆತೆ? ಅವಳ ಕಣ್ಣು ಕೆಳಗಿಳಿಯಿತು. ಈ ಜೀಪಿಗೆ ಎರಡು ಗೇರು. ಉದ್ದದ್ದು ಎಲ್ಲ ಗಾಡಿಗೂ ಇರುವುದು. ಪಕ್ಕದ ಗಿಡ್ಡದ್ದು ನಾಲ್ಕು ಚಕ್ರಕ್ಕೂ ಬಲ ಕೊಟ್ಟು ವೇಗ ಕಡಿಮೆ ಮಾಡುವುದು. ಗಂಡ ಅದನ್ನು ಗಿಡ್ಡಣ್ಣ ಅನ್ನುತ್ತಿದ್ದ. "ಗಿಡ್ಡಣ್ಣ ನಡುವೆ ನಿಂತ್ರೆ ಎಂಜಿನ್ನೂ ಚಕ್ರವೂ ಮಾತು ಬಿಟ್ಟ ಹಾಗೆ ಕಣೇ. ಗಂಡ ಹೆಂಡತಿ ತರ." ಗಿಡ್ಡಣ್ಣ ಈಗ ನಡುವೆ ನಿಂತಿದ್ದ. ಅವನ ಕೊರಳಿಗೆ ಅತ್ತೆಯ ಎಲೆಯಡಿಕೆ ಚೀಲ!

"ಅತ್ತೇ!"

"ಮತ್ತೆ ಚೀಲ ಎಲ್ಲಿ ತಗುಲಿ ಹಾಕಲಿ?"

ಚೀಲ ಹಿಂದಕ್ಕೆ ಹಾರಿತು. ಗಿಡ್ಡಣ್ಣನನ್ನು ನಾಲ್ಕು ಚಕ್ರಕ್ಕೂ ಬಲ ಕೊಡುವ ಕಡೆಗೆ ಎಳೆದಳು. "ಇನ್ನೊಂದು ಸಲ ತಳ್ರಪ್ಪಾ! ದಮ್ಮಯ್ಯ, ಇನ್ನೊಂದೇ ಸಲ!"

ಮತ್ತೆ ಉರುಳಿತು. ಗೇಟು ಹತ್ತಿರ ಬಂತು. ಹಿಂದಿನಿಂದ ಎಲ್ಲರೂ ಒಟ್ಟಿಗೆ ಕೂಗಿದರು, "ಬಿಡಿ! ಬಿಡಿ! ಅಮ್ಮಾ, ಬಿಡಿ!"

ಬಲಗಾಲು ಬ್ರೇಕಿನ ಕಡೆಗೆ ಹೊರಟಿತು. ಅವಳು ಅದನ್ನು ಅಲ್ಲೇ ತಡೆದಳು. ಎಡಗಾಲು ಎತ್ತಿದಳು.

ಜೀಪು ಒಮ್ಮೆ ಬಿಕ್ಕಿತು. ಕೆಮ್ಮಿತು. ಕಪ್ಪು ಹೊಗೆಯನ್ನು ಮೈದುನನ ಇಸ್ತ್ರಿ ಶರ್ಟಿಗೆ ಉಗಿದು ಗರ್ಜಿಸಿತು!

"ಬಿಟ್ಟೆ ರೀ!" ಎಂದು ಅವಳು ಕಿರುಚಿ ಕನ್ನಡಿ ನೋಡಿದಳು. ಕನ್ನಡಿಯಲ್ಲಿ ಗುಜರಿಯವನ ಮೀಸೆ ಇತ್ತು.

ಅಳಲು ಪುರಸೊತ್ತಿರಲಿಲ್ಲ. ಜೀಪು ಗೇಟು ದಾಟಿ ಬೀದಿಗಿಳಿದಿತ್ತು. ಅಡ್ಡ ನಿಂತಿದ್ದ ಲಾರಿಯ ಮೂತಿಗೆ ಕೂದಲೆಳೆಯಷ್ಟು ಜಾಗ ಬಿಟ್ಟು ತಿರುಗಿತು. ಗೆದ್ದೆ ಎಂದು ಬ್ರೇಕು ಒತ್ತಿದಳು. ಪೆಡಲು ನೆಲ ಮುಟ್ಟಿತು. ಜೀಪಿಗೆ ಅದು ತಿಳಿಯಲೇ ಇಲ್ಲ. ಹ್ಯಾಂಡ್‌ಬ್ರೇಕು ಎಳೆದಳು. ಅಲ್ಲಾಡುವ ಹಲ್ಲಿನಂತೆ ಆಚೆ ಈಚೆ ಆಡಿತು. ಕೀ ತಿರುಗಿಸಿದಳು. ಹಳೇ ಡೀಸೆಲ್ ಎಂಜಿನ್ ಕೀ ಮಾತು ಕೇಳುವುದಿಲ್ಲ, ಸ್ಟಾಪ್ ಗುಂಡಿ ಎಳೆಯಬೇಕು. ಎಳೆದಳು. ತುಕ್ಕು ಹಿಡಿದ ತಂತಿ ಸಮೇತ ಗುಂಡಿ ಕೈಗೇ ಬಂತು! ಕೊನೆಗೆ ಕ್ಲಚ್ ಒತ್ತಿದಳು. ಅಲ್ಲಿಯತನಕ ಎಂಜಿನ್ ಹಿಡಿದಿಟ್ಟಿದ್ದ ಗಾಡಿ ಇಳಿಜಾರಿನಲ್ಲಿ ಚಂಗನೆ ಚಿಮ್ಮಿತು. "ಅಯ್ಯಯ್ಯೋ!" ಎಂದು ತಕ್ಷಣ ಬಿಟ್ಟಳು. ಈಗ ಬಿಡುವುದು ಚೆನ್ನಾಗಿ ಅಭ್ಯಾಸವಾಗಿತ್ತು.

ಗಿಡ್ಡಣ್ಣನ ದಯೆಯಿಂದ ಒಂದು ಉಪಕಾರವಾಗಿತ್ತು. ಗರ್ಜನೆ ಹುಲಿಯದು, ನಡಿಗೆ ಆಮೆಯದು. ಜನ ಪಕ್ಕದಲ್ಲೇ ಆರಾಮಾಗಿ ನಡೆಯುತ್ತಾ ಬಂದರು. ನಿಲ್ಲಿಸಲು ಮಾತ್ರ ಯಾರಿಂದಲೂ ಆಗಲಿಲ್ಲ. ಎಲ್ಲರ ಹತ್ತಿರವೂ ಸಲಹೆ ಇತ್ತು.

"ಅತ್ತಿಗೆ, ನಿಲ್ಸಿ!"

"ಅದು ಗೊತ್ತಿದ್ರೆ ನಿಲ್ಲಿಸ್ತಿರಲಿಲ್ವೇನಪ್ಪಾ!"

"ಹಾರ್ನ್ ಹೊಡೀರಿ!"

ಹಾರ್ನ್ ಸತ್ತಿತ್ತು. ಅತ್ತೆ ಹಿಂದಿನಿಂದ ಸೈಕಲ್ ಬೆಲ್ಲು ಬಾರಿಸತೊಡಗಿದರು. ಟ್ರಿಣ್ ಟ್ರಿಣ್! ಎದುರಿಗೆ ಸ್ಕೂಟರಿನಲ್ಲಿ ಇಗೋಬಂದೆ ಬಂದ, ತಲೆ ಇನ್ನೂ ಒದ್ದೆ.

"ಅಕ್ಕಾ! ಬ್ರೇಕಿನ ಸಾಮಾನು ತಂದಿದ್ದೀನಿ!"

"ಎಸಿ ಅದನ್ನ! ಚಕ್ರದ ಅಡಿಗಾದ್ರೂ ಹಾಕು!"

ಬೀದಿ ಮುಗಿಯಿತು. ಮುಂದೆ ಎಡಕ್ಕೆ ಚರಂಡಿ, ಬಲಕ್ಕೆ ವಿದ್ಯುತ್ ಕಂಬ, ನಡುವೆ ವಿಶಾಲವಾಗಿ ತೆರೆದ ಬಾಗಿಲು. ಯೋಚಿಸಲು ಹೊತ್ತಿರಲಿಲ್ಲ. ಕಣ್ಣು ಮುಚ್ಚಿ ಸ್ಟೀರಿಂಗ್ ಹಿಡಿದಳು. ಮೆತ್ತಗೆ ಏನಕ್ಕೋ ತಗುಲಿತು. ಎಂಜಿನ್ ಎರಡು ಸಲ ಕುಲುಕಿ ಸುಮ್ಮನಾಯಿತು.

ಕಣ್ಣು ಬಿಟ್ಟಳು. ಹಳೇ ಹಾಸಿಗೆಗಳ ರಾಶಿ. ಅತ್ತ ತುಕ್ಕು ಹಿಡಿದ ಫ್ರಿಜ್ಜುಗಳು. ಇತ್ತ ಕೈಕಾಲಿಲ್ಲದ ಕಾರುಗಳು. ನಡುವೆ ದೊಡ್ಡ ತಕ್ಕಡಿ. ಗುಜರಿ ಅಂಗಡಿ!

ಗುಜರಿಯವನು ಏದುಸಿರು ಬಿಡುತ್ತಾ ಒಳಗೆ ಬಂದ. "ಎಷ್ಟೋ ವರ್ಷದಿಂದ ಈ ದಂಧೆ ಮಾಡ್ತಿದ್ದೀನಿ ತಾಯಿ. ತಾನಾಗೇ ನಡ್ಕೊಂಡು ಬಂದ ಗಾಡಿ ಇದೇ ಮೊದಲು."

ಹಿಂದೆಯೇ ಮೈದುನ. ಶರ್ಟು ಮಸಿ, ಮುಖ ಮಸಿ. "ಒಪ್ಪಿದೆ ಅತ್ತಿಗೆ. ಗೇಟು ದಾಟ್ತು. ಆದ್ರೆ ಈ ಗೇಟೂ ದಾಟಿದೆಯಲ್ಲ?"

"ಆ ಗೇಟಿನ ಲೆಕ್ಕ ಮಾತ್ರ ಆಗಿದ್ದು," ಎಂದರು ಅತ್ತೆ, ಚೀಲ ಹುಡುಕುತ್ತಾ. "ಇದು ಬರೀ ನೋಡ್ಕೊಂಡು ಹೋಗೋಕೆ ಬಂದಿದ್ದು. ಹಿಂದಕ್ಕೆ ತಳ್ರೋ!"

ಮೈದುನ ನಕ್ಕುಬಿಟ್ಟ. ಅಣ್ಣ ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಶರ್ಟಿನ ತೋಳು ಮಡಚಿ ಬಾನೆಟ್ಟಿಗೆ ಹೆಗಲು ಕೊಟ್ಟ. ಒಂದು ಪಕ್ಕ ಗುಜರಿಯವನು, ಇನ್ನೊಂದು ಪಕ್ಕ ಇಗೋಬಂದೆ. ಅವಳು ಗಿಡ್ಡಣ್ಣನನ್ನು ಮತ್ತೆ ನಡುವೆ ನಿಲ್ಲಿಸಿದಳು, ಜೀಪು ಹಿಂದಕ್ಕೆ ಉರುಳಿತು. ಎಲ್ಲರೂ ಒಟ್ಟಿಗೆ ಕೂಗಿದರು, "ಹಾಂ, ಬಿಡಿ! ಬಿಡಿ!"

ಭಾನುವಾರ ಬಿಟ್ಟೇ ಬಿಡುತ್ತೇನೆ ಎಂದಿದ್ದ ವೀರಮಹಿಳೆ ಎರಡೂ ಕಾಲು ಸೀಟಿನ ಮೇಲೆ ಎತ್ತಿಟ್ಟುಕೊಂಡು, ಸ್ಟೀರಿಂಗನ್ನು ತಬ್ಬಿ ಹಿಡಿದು ಕಿರುಚಿದಳು:

"ಬಿಡಲ್ಲ! ಬ್ರೇಕು ಬರೋ ತನಕ, ನನ್ನಾಣೆ, ಬಿಡಲ್ಲ!"