ನನ್ನನ್ನು ಫೇಲು ಮಾಡಿಸಿದ ಇಂಗ್ಲೆಂಡಿನ ಹಳ್ಳಿ

ಟಕ್, ಟಕ್, ಟಕ್! ಕರಿಹಲಗೆಗೆ ಬೆತ್ತ ಬಡಿಯುವ ಆ ಸದ್ದು ಎಪ್ಪತ್ತು ದಾಟಿದ ಮೇಲೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ಬಡಿಯುತ್ತಿದ್ದವರು ಹೊಸಪೇಟೆಯ ಕಾನ್ವೆಂಟಿನಲ್ಲಿ ನಮಗೆ ಹಿಸ್ಟರಿ, ಜಾಗ್ರಫಿ ಕಲಿಸಿದ ಸಿಸ್ಟರ್. ಭೂಮಿಯ ಮೇಲೆ ಏಳು ಖಂಡಗಳಿವೆ ಎಂದು ನೀವು ಓದಿರಬಹುದು. ಸುಳ್ಳು! ಸಿಸ್ಟರ್ ಪ್ರಕಾರ ಇದ್ದದ್ದು ಒಂದೇ ಹಳ್ಳಿ. ಅದು ಇಂಗ್ಲೆಂಡಿನಲ್ಲಿತ್ತು, ಅವರು ಹುಟ್ಟಿದ್ದೂ ಅಲ್ಲೇ.

ಯಾವ ಪಾಠವಾದರೂ ಅಲ್ಲಿಂದಲೇ ಶುರು. ನದಿ ಎಂದರೆ ಅವರೂರಿನ ಹಳ್ಳ. ಬೆಟ್ಟವೆಂದರೆ ಅದರಾಚೆಯ, ಕುರಿ ಮೇಯುವ ದಿಬ್ಬ. ಯುದ್ಧವೆಂದರೆ ಚರ್ಚಿನ ಗಂಟೆ ಯಾರು ಬಾರಿಸಬೇಕೆಂದು ಎರಡು ಮನೆತನಗಳು ಮೂರು ತಲೆಮಾರು ಕಾದಾಡಿದ್ದು! ಮೊಗಲರು ಬರುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತಿತ್ತು, ಪಾಪ.

ಅವರ ಕನ್ನಡ ಅಡುಗೆಮನೆಯ ಆಯಾಳಿಂದ ಕಲಿತದ್ದು. ಒಮ್ಮೆ ಲಾಸ್ಟ್ ಬೆಂಚಿನ ಕಂಪ್ಲಿ ಹುಡುಗಿ ಎದ್ದು ನಿಂತಳು.

"ನಮ್ಮೂರಾಗೂ ಹೊಳಿ ಐತ್ರಿ ಸಿಸ್ಟರ್. ಭಾಳ ದೊಡ್ಡದು."

"ದೊಡ್ಡದು ಐತಿ, ಮ್ಯಾನರ್ಸ್ ಇಲ್ಲ! ಮಳಿ ಬಂದ್ರ ಮನಿಯೊಳಗ ಬರ್ತೈತಿ. ಕುಂದ್ರು!"

ಅವಳು ಕುಳಿತಳು. ಕುಳಿತಲ್ಲೇ ನಿದ್ದೆ ಹೋದಳು.

ಹಂಪಿಗೆ ಪಿಕ್ನಿಕ್ ಹೋದಾಗಲೂ ಅಷ್ಟೇ. ಆನೆಲಾಯದ ಮುಂದೆ ನಾವು ಬಾಯಿ ಬಿಟ್ಟು ನಿಂತಿದ್ದರೆ ಸಿಸ್ಟರ್, "ನೈಸ್. ಆದ್ರ ನಮ್ಮೂರ ಪೋಸ್ಟ್ ಆಫೀಸ್‌ಗೆ ಬಾಗಿಲಾದ್ರೂ ಐತಿ!" ಎಂದುಬಿಟ್ಟರು.

ನಾನು ಫಸ್ಟ್ ಬೆಂಚು. ಆ ಹಳ್ಳಿಯ ಒಂದೊಂದು ಓಣಿಯನ್ನೂ ಉರು ಹೊಡೆದಿದ್ದೆ. ಕಾಲೇಜು ಓದಿ ಟೀಚರಾಗಬೇಕು, ಅದೊಂದೇ ಆಸೆ. ಎಸ್ಸೆಸ್ಸೆಲ್ಸಿಯಲ್ಲಿ ಕೇಳಿದರು: ನಿಮ್ಮ ಸೀಮೆಯ ನೀರಾವರಿಯನ್ನು ವರ್ಣಿಸಿ. ತುಂಗಭದ್ರಾ ಕಾಲುವೆಯ ಬಗ್ಗೆ ನನಗೆ ಒಂದು ಸಾಲೂ ಗೊತ್ತಿರಲಿಲ್ಲ. ಗೊತ್ತಿದ್ದುದನ್ನು ಬರೆದೆ. ಅವರೂರಿನ ಹಳ್ಳ, ಅದು ತಿರುಗಿಸುವ ಹಿಟ್ಟಿನ ಗಿರಣಿ. ನಾಲ್ಕು ಪುಟ, ಡಯಾಗ್ರಾಂ ಸಮೇತ! ಪೇಪರ್ ತಿದ್ದಿದವರು ಆ ಗಿರಣಿಯನ್ನು ಕಂಪ್ಲಿ, ಗಂಗಾವತಿ ನಡುವೆ ಎಷ್ಟು ಹುಡುಕಿದರೋ! ನಾನು ಫೇಲು. ನಿದ್ದೆ ಹೊಡೆದವಳು ಅಪ್ಪನ ಗದ್ದೆಗೆ ಬರುವ ಕಾಲುವೆಯ ಬಗ್ಗೆ ಬರೆದು ಪಾಸು.

"ಇನ್ನೊಂದ್ಸಲ ಕಟ್ತೀನಪ್ಪ" ಎಂದೆ.

"ಬ್ಯಾಡವ್ವ. ಸಂಡೂರಿನವ್ರು ನೋಡಾಕ ಬರಾಕತ್ಯಾರ, ಸೀರಿ ಉಟ್ಕೋ" ಎಂದರು ಅಪ್ಪ.

ಮುಗಿಯಿತು ನನ್ನ ಎಜುಕೇಶನ್. ಇಪ್ಪತ್ತು ವರ್ಷ ಸಂಡೂರಿನ ಮನೆಯಲ್ಲಿ ಅದಿರಿನ ಕೆಂಪು ಧೂಳು ಒರೆಸುತ್ತ, ಸಿಸ್ಟರ್ ಸಿಕ್ಕರೆ ಹೇಗೆ ಬೈಯಬೇಕೆಂದು ರಿಹರ್ಸಲ್ ಮಾಡಿದೆ. ಅದೂ ಇಂಗ್ಲಿಷಿನಲ್ಲಿ, ಗ್ರಾಮರ್ ತಪ್ಪಬಾರದಲ್ಲ!

ವಯಸ್ಸಾಯಿತೆಂದು ಕಾನ್ವೆಂಟಿನವರು ಅವರನ್ನು ಊರಿಗೆ ಕಳಿಸುತ್ತಿದ್ದಾರೆಂದು ಸುದ್ದಿ ಬಂತು. ಈಗ ಬಿಟ್ಟರೆ ಸಿಗುವುದಿಲ್ಲವೆಂದು ಬಸ್ ಹತ್ತಿ ಹೊಸಪೇಟೆ ಸ್ಟೇಷನ್ನಿಗೆ ಓಡಿದೆ. ಗುಂತಕಲ್ ಗಾಡಿಯ ಕಿಟಕಿಯಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಹಿಡಿದುಕೊಂಡರು.

"ಫಸ್ಟ್ ಬೆಂಚ್! ನೀನರ ಹೇಳು. ಬಸ್ ಇಳಿದ ಮ್ಯಾಲೆ ನಮ್ಮ ಮನಿ ಎಡಕ್ಕೋ, ಬಲಕ್ಕೋ? ನನಗ ನೆನಪಾಗವಲ್ದು. ಅಲ್ಲಿ ಕೇಳೋಣಂದ್ರ ನನ್ನ ಗುರ್ತ ಇದ್ದವ್ರು ಯಾರೂ ಉಳಿದಿಲ್ಲ."

ಇಪ್ಪತ್ತು ವರ್ಷದ ಬೈಗುಳ ಬಿಟ್ಟು, ಅವರು ಕಲಿಸಿದ ಪಾಠವನ್ನೇ ಒಪ್ಪಿಸತೊಡಗಿದೆ.

"ಬಲಕ್ಕ್ರಿ ಸಿಸ್ಟರ್. ಕುಲುಮಿ ದಾಟ್ರಿ. ಆಮ್ಯಾಲೆ ಕಲ್ಲಿನ ಸಣ್ಣ ಸೇತುವಿ..."

ಗಾಡಿ ಹೊರಟಿತು. ಕಿಟಕಿಯ ಜೊತೆಗೇ ನಡೆಯುತ್ತ, ಓಡುತ್ತ, ಹೇಳುತ್ತಲೇ ಹೋದೆ. ಅವರು ಒಂದೊಂದೇ ಬೆರಳು ಮಡಚುತ್ತ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಪ್ಲಾಟ್‌ಫಾರ್ಮ್ ಮುಗಿದುಹೋಯಿತು. ಅವರ ಮನೆಗೆ ಇನ್ನೂ ಎರಡು ತಿರುವುಗಳಿದ್ದವು.